ಖಡಕದ ಹಕ್ಕಿಗಳೂ ನಮ್ಮ ಅಕ್ಕೋರೂ

ಸಾಂಗ್ಲಿಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ನನಗೆ ತಿಳಿದಂತೆ ಯಾರೂ ಇರಲಿಲ್ಲ. ಶಾಲೆಯ ಹುಡುಗಿಯರಿಗೆ ಅವರು ‘ಬಾಯಿ’. ಮರಾಠಿ ಸೀಮೆಯಲ್ಲಿ ಶಿಕ್ಷಕಿಯರೆಲ್ಲ ಬಾಯಿಗಳೇ. ನಮ್ಮಂಥ ಕನ್ನಡ ಮನೆಗಳವರಿಗೆ ‘ಅಕ್ಕೋರು’. ಪೇಟೆಯ ಹಳಬರಿಗೆ ಅರಿಷಿಣದ ವ್ಯಾಪಾರಿಯ ಮಗಳು. ಹೋದ ವಾರ ಮಿರಜದ ಆಸ್ಪತ್ರೆಯಲ್ಲಿ ಅವರು ತೀರಿಕೊಂಡಾಗ ಕಾಗದದ ಮೇಲೆ ಬರೆದ ಹೆಸರನ್ನು ನೋಡಿ, ಇಷ್ಟು ವರ್ಷ ಶಿಕ್ಷಕಿಯರ ಕೋಣೆಯಲ್ಲಿ ಅವರ ಪಕ್ಕದ ಕುರ್ಚಿಯಲ್ಲಿ ಕುಳಿತ ನಾನೇ ಒಂದು ಗಳಿಗೆ ಇದು ಯಾರದು ಎಂದುಕೊಂಡೆ. ಆ ಹೆಸರನ್ನು ಇಲ್ಲಿಯೂ ಬರೆಯುವುದಿಲ್ಲ. ನನಗೆ ಅಕ್ಕೋರು ಎಂದರೆ ಸಾಕು.

ಎತ್ತರದ ಆಳು, ಬಡಕಲು ಮೈ. ಕಂದುಗೆಂಪು ಇಳಕಲ್ ಸೀರೆ, ಹಣೆಯ ಮೇಲೆ ತೆಳ್ಳಗೆ ವಿಭೂತಿ, ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ. ಹದಿನಾಲ್ಕಕ್ಕೆ ಮದುವೆಯಾಗಿ ಹದಿನೈದಕ್ಕೆ ಗಂಡನನ್ನು ಪ್ಲೇಗಿಗೆ ಕಳೆದುಕೊಂಡಿದ್ದರು. ತಂದೆ ಗಟ್ಟಿ ಮನುಷ್ಯ. ಬಂಧುಬಳಗದ ಮಾತಿಗೆ ಕಿವಿಗೊಡದೆ ಮಗಳನ್ನು ಪುಣೆಗೆ ಕಳಿಸಿ ಓದಿಸಿದ. ಅವರು ನಡೆಯುವಾಗ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಕತ್ತು ಮುಂದೆ ಚಾಚುತ್ತಿದ್ದರು. ಹುಡುಗಿಯರು ಆ ನಡಿಗೆಯನ್ನು ಅಣಕಿಸುವುದು ಅವರಿಗೆ ಗೊತ್ತಿತ್ತು. ಒಮ್ಮೆ ಪಡಸಾಲೆಯಲ್ಲಿ ಒಬ್ಬಳು ಹಾಗೆ ನಡೆದು ತೋರಿಸುತ್ತಿದ್ದಾಗ ಅಕ್ಕೋರು ಹಿಂದಿನಿಂದಲೇ ಬಂದರು. ಹುಡುಗಿ ಬೆಪ್ಪಾಗಿ ನಿಂತಳು. ಅಕ್ಕೋರು, “ಕತ್ತ ಇನ್ನೂ ಸ್ವಲ್ಪ ಮುಂದ ಬರಬೇಕವಾ” ಎಂದು ತಿದ್ದಿ, ತಮ್ಮ ಪಾಡಿಗೆ ತರಗತಿಗೆ ಹೋದರು.

ಕಲಿಸುತ್ತಿದ್ದದ್ದು ಭೂಗೋಳ. ಕೃಷ್ಣೆಯನ್ನು ಬಿಟ್ಟು ಬೇರೆ ನೀರು ಕಾಣದ ಹುಡುಗಿಯರಿಗೆ ಸಮುದ್ರವನ್ನು ಕಲಿಸುವುದು ಹೇಗೆ? ಒಮ್ಮೆ ಅವರು, ಸಮುದ್ರ ಎಂದರೇನು ಎಂದು ತರಗತಿಯಲ್ಲಿ ಕೇಳಿದಾಗ ಹಿಂದಿನ ಸಾಲಿನ ಹುಡುಗಿಯೊಬ್ಬಳು, “ಕೃಷ್ಣೆಗೆ ಮಹಾಪೂರ ಬಂದು, ಆ ಕಡೆ ದಂಡಿ ಕಾಣಲಾರದಂಗ ಆಗಿ, ಮತ್ತ ಇಳೀಲಾರದ ಇರೂದು” ಎಂದಳಂತೆ. ಅಕ್ಕೋರು ಅದನ್ನು ಹಾಗೆಯೇ ಹಲಗೆಯ ಮೇಲೆ ಬರೆಸಿದರು. ಆ ದಿನ ಶಿಕ್ಷಕಿಯರ ಕೋಣೆಗೆ ಬಂದವರೇ, “ಪುಸ್ತಕದಾಗಿನದಕಿಂತ ಚಲೋ ಐತಿ ನೋಡ” ಎಂದು ನನಗೆ ಎರಡು ಸಲ ಹೇಳಿದರು.

ಅವರು ಮಾತ್ರ ಸಮುದ್ರವನ್ನು ಚೆನ್ನಾಗಿ ಬಲ್ಲವರು. ತಂದೆಯ ಅರಿಷಿಣ ಬೆಳಗಾವಿಯ ಮೇಲಿನಿಂದ ವೆಂಗುರ್ಲೆಯ ಬಂದರಕ್ಕೆ ಹೋಗುತ್ತಿತ್ತು. ಅಲ್ಲಿನ ವ್ಯಾಪಾರಿಯ ಮನೆಗೆ ಇವರು ಚಿಕ್ಕಂದಿನಲ್ಲೇ ಹೋಗಿ ಬಂದಿದ್ದರು. ಬಂದರದಿಂದ ಹಾಯಿದೋಣಿಯಲ್ಲಿ ಅರ್ಧ ದಿನ ಹೋದರೆ ಕಡಲ ನಡುವೆ ಒಂದು ಬೋಳು ಬಂಡೆಗುಡ್ಡ. ಊರವರು ಅದನ್ನು ಬರಿ ‘ಖಡಕ’ ಎನ್ನುತ್ತಿದ್ದರು, ಅಂದರೆ ಬಂಡೆ. ಗಿಡವಿಲ್ಲ, ಮರವಿಲ್ಲ. ನೆತ್ತಿಯ ಮೇಲೊಂದು ದೀಪಸ್ತಂಭ. ಅದರ ಬುಡದ ಎರಡು ಕೋಣೆಗಳಲ್ಲಿ ದೀಪ ಕಾಯುವ ಮುದುಕ ಮತ್ತು ಅವನ ಹೆಂಡತಿ. ಉಳಿದದ್ದೆಲ್ಲ ಹಕ್ಕಿಗಳ ರಾಜ್ಯ. ಬೇಸಿಗೆಯಲ್ಲಿ ಸಾವಿರಗಟ್ಟಲೆ ಕಡಲಹಕ್ಕಿಗಳು ಅಲ್ಲಿಗೆ ಬಂದು ಬರಿ ಬಂಡೆಯ ಮೇಲೆ ಮೊಟ್ಟೆಯಿಡುತ್ತವೆ. ಬಿಳಿಯ ಮೈ, ಕವಲು ಬಾಲ, ಹಳದಿ ಕೊಕ್ಕು, ತಲೆಯ ಮೇಲೆ ಕರಿಯ ಕುಚ್ಚು. ಕೊಂಕಣದವರು ಅವುಗಳನ್ನು ಸುರಯ ಎನ್ನುತ್ತಾರೆ. ಕನ್ನಡದಲ್ಲಿ ರೀವ ಎನ್ನುತ್ತಾರೆಂದು ಅಕ್ಕೋರೇ ನನಗೆ ಹೇಳಿದ್ದು.

ಪರೀಕ್ಷೆ ಮುಗಿದ ಮರುವಾರವೇ ಅಕ್ಕೋರು ಹೊರಟುಬಿಡುತ್ತಿದ್ದರು. ಬಂಡೆಗಳ ನಡುವೆ ಎರಡು ಗೋಣಿತಟ್ಟು ಕಟ್ಟಿ, ಅದರ ಹಿಂದೆ ಬೆಳಗಿನಿಂದ ಸಂಜೆಯವರೆಗೆ ಕೂರುವುದು. ಯಾವ ಬಂಡೆಯ ಮೇಲೆ ಎಷ್ಟು ಹಕ್ಕಿ, ಯಾವುದು ಯಾವಾಗ ಮೊಟ್ಟೆಯಿಟ್ಟಿತು, ಎಷ್ಟು ದಿನಕ್ಕೆ ಮರಿ ಬಂತು, ಗಂಡು ತಂದ ಮೀನು ಯಾವುದು, ಎಲ್ಲವನ್ನೂ ಬರೆಯುವುದು. ಕಣ್ಣಾರೆ ಕಾಣದ್ದನ್ನು ಬರೆಯುತ್ತಿರಲಿಲ್ಲ. “ಇರಬೇಕು” ಎಂಬ ಮಾತು ಅವರ ವಹಿಯಲ್ಲಿ ಎಲ್ಲಿಯೂ ಇಲ್ಲ. ಹಾಗೆ ಬರೆದದ್ದನ್ನು ಒಮ್ಮೆ ಮುಂಬೈಯ ಪಂಡಿತರೊಬ್ಬರಿಗೆ ಕಳಿಸಿದ್ದರು. ಮೆಚ್ಚಿ ಬಂದ ಉತ್ತರದಲ್ಲಿ ಉದ್ದಕ್ಕೂ ‘ಮಹಾಶಯರೇ’ ಎಂದಿತ್ತು. ಇಂಥ ನಿರ್ಜನ ಬಂಡೆಯ ಮೇಲೆ ವಾರಗಟ್ಟಲೆ ಕೂರುವ ತಮ್ಮ ಗಂಡೆದೆಗೆ ನಮಸ್ಕಾರ ಎಂದೂ ಇತ್ತು. ಹೆಂಗಸು ಎಂದು ತಿಳಿಸಿರಿ ಎಂದು ನಾನು ಹೇಳಿದೆ.

“ಯಾಕ?” ಅಂದರು. “ಹಕ್ಕಿಗೆ ಗೊತ್ತೈತಿ ನಾ ಯಾರಂತ.”

ಆ ಬಂಡೆಗೆ ಇನ್ನೂ ಒಬ್ಬ ಬರುತ್ತಿದ್ದ, ಮೀನುಗಾರರ ದೋಣಿಯ ತಾಂಡೇಲ, ದೋಣಿಯ ಯಜಮಾನ. ಅವನು ತನ್ನ ಜನರನ್ನು ಕರೆತಂದು ಸುರಯದ ಮೊಟ್ಟೆಗಳನ್ನು ಬುಟ್ಟಿ ತುಂಬಿ ಒಯ್ಯುತ್ತಿದ್ದ. ಅಕ್ಕೋರು ಅವನೊಂದಿಗೆ ಜಗಳವಾಡಲಿಲ್ಲ. ಅವನದೇ ದೋಣಿಯಲ್ಲಿ ಮೂರು ಬೇಸಿಗೆ ಓಡಾಡಿದರು. ಬೇಗ ಮೊಟ್ಟೆ ಕಳೆದುಕೊಂಡ ಹಕ್ಕಿ ಮತ್ತೊಂದನ್ನು ಇಡುತ್ತದೆ, ಆದರೆ ತಡವಾಗಿ ಕಳೆದುಕೊಂಡರೆ ಮರಿ ಬಲಿಯುವ ಮೊದಲೇ ಮಳೆ ಬಂದು ಎಲ್ಲ ಹೋಗುತ್ತದೆ ಎಂಬುದನ್ನು ನೋಡಿಕೊಂಡರು. ಆಮೇಲೆ ಒಂದು ದಿನ ಅವನ ಗುಡಿಸಲಿಗೆ ಹೋಗಿ ಅವನ ಮುದಿ ತಾಯಿಯ ಮುಂದೆ ಕುಳಿತು, ನಿಮ್ಮ ಕಾಲದಲ್ಲಿ ಹೇಗಿತ್ತು ಎಂದು ಕೇಳಿದರು. ಅಕ್ಷತೃತೀಯೆ ಆದಮೇಲೆ ಖಡಕದ ಮೇಲೆ ಯಾರೂ ಕಾಲಿಡುತ್ತಿರಲಿಲ್ಲ ಎಂದು ಮುದುಕಿ ಹೇಳಿದಳು. ತಾಯಿ ಹೇಳಿದ ಮೇಲೆ ತಾಂಡೇಲ ಏನನ್ನುತ್ತಾನೆ? ಆದರೂ ಗೊಣಗಿದ.

“ನೀವಂತೂ ತತ್ತಿ ಮುಟ್ಟಾವರಲ್ಲ ಬಾಯಿ. ನಿಮಗ್ಯಾಕ ತತ್ತಿ ಪಂಚಾಯತಿ?” ಎಂದು ತನ್ನ ಮರಾಠಿಯಲ್ಲಿ ಕೇಳಿದ.

“ಅದಕ್ಕ ಮತ್ತ. ನಾನೂ ತಿಂತಿದ್ರ ನಿನ್ನ ಪಾರ್ಟಿ ಆಗತಿದ್ದೆ” ಎಂದರಂತೆ ಅಕ್ಕೋರು.

ಅಂದಿನಿಂದ ಅಕ್ಷತೃತೀಯೆಯ ಆಚೆ ಖಡಕದ ಮೇಲೆ ಮೊಟ್ಟೆ ಮುಟ್ಟುವಂತಿಲ್ಲ ಎಂದಾಯಿತು. ತಾಂಡೇಲ ಅದನ್ನು ನಡೆಸಿದ, ಉಳಿದ ದೋಣಿಗಳವರಿಂದಲೂ ನಡೆಸಿಸಿದ.

ನಾನು ಖಡಕ ನೋಡಿದ್ದು ಒಂದೇ ಬೇಸಿಗೆ, ಈಗ ಮುಗಿದ ಮಹಾಯುದ್ಧ ಶುರುವಾಗುವುದಕ್ಕೆ ಎರಡು ವರ್ಷ ಮೊದಲು. ಆಗ ನನಗೆ ಇಪ್ಪತ್ತೆರಡು. ಗಂಡ ಮಿರಜದ ಸ್ಟೇಷನ್ನಿನಲ್ಲಿ ಗುಮಾಸ್ತ; ನಾನು ದಿನವೂ ಅಲ್ಲಿಂದ ಚಿಕ್ಕ ರೈಲಿನಲ್ಲಿ ಸಾಂಗ್ಲಿಯ ಶಾಲೆಗೆ ಬರುತ್ತಿದ್ದೆ. ಆ ವರ್ಷ ಮಾಘದಲ್ಲಿ ನನ್ನ ಮೊದಲ ಕೂಸು ಹುಟ್ಟಿ ಎರಡೇ ದಿನಕ್ಕೆ ಹೋಯಿತು. ಅಳು ಬರಲಿಲ್ಲ. ಅನ್ನ ಸೇರುತ್ತಿರಲಿಲ್ಲ. ತರಗತಿಯಲ್ಲಿ ಹಲಗೆಯ ಕಡೆ ತಿರುಗಿದರೆ ಏನು ಬರೆಯಬೇಕೆಂಬುದು ಮರೆತುಹೋಗುತ್ತಿತ್ತು. ಹವಾ ಬದಲಾಗಬೇಕು ಎಂದು ಡಾಕ್ಟರರು ಹೇಳಿದರು. ಎಲ್ಲಿಗೆ ಹೋಗುವುದು? ಬೇಡಗದಲ್ಲಿ ಅತ್ತೆಯ ತವರಿತ್ತು, ಆದರೆ ಅಲ್ಲಿನ ಹವೆ ಮಿರಜದ್ದೇ.

ಒಂದು ಸಂಜೆ ಅಕ್ಕೋರು ನಮ್ಮ ಮನೆಗೆ ಬಂದರು. ಅತ್ತೆ ಚಾಪೆ ಹಾಸಿದರು. ಅಕ್ಕೋರು ಸುತ್ತುಬಳಸಿ ಮಾತಾಡುವವರಲ್ಲ.

“ನಿಮ್ಮ ಸೊಸಿನ್ನ ಹದಿನೈದು ದಿವಸ ನನಗ ಕೊಡ್ರಿ. ಸಮುದ್ರಕ್ಕ ಕರಕೊಂಡು ಹೋಗ್ತೀನಿ.”

“ಅಯ್ಯ, ಸಮುದ್ರದಾಗ ನಮ್ಮಂಥಾವ್ರಿಗೆ ಏನ ಉಣ್ಣಾಕ ಸಿಗತೈತ್ರಿ ಅಕ್ಕೋರ?” ಎಂದರು ಅತ್ತೆ.

“ಜ್ವಾಳದ ಹಿಟ್ಟು, ಬ್ಯಾಳಿ, ಚಟ್ನಿ ಎಲ್ಲಾ ಕಟಗೊಂಡು ಹೋಗ್ತೀನ್ರಿ. ನಾ ಏನ ಉಣ್ತೀನೋ ಅಕಿಗೂ ಅದ.”

ಅತ್ತೆ ನನ್ನ ಮುಖ ನೋಡಿದರು. ಅವರು ಒರಟು ಮಾತಿನವರಾದರೂ ಆ ಮೂರು ತಿಂಗಳಲ್ಲಿ ನನ್ನಷ್ಟೇ ಸೊರಗಿದ್ದರು. “ಒಯ್ಯಿರಿ” ಎಂದರು. “ನನ್ನ ಕೈಲಂತೂ ಆಗವಲ್ದು.”

ಮಿರಜದಿಂದ ಬೆಳಗಾವಿಗೆ ರೈಲು, ಅಲ್ಲಿಂದ ಘಟ್ಟ ಇಳಿಯುವ ಮೋಟಾರು, ಆಮೇಲೆ ತಾಂಡೇಲನ ದೋಣಿ. ದೋಣಿಯಲ್ಲಿ ನಾನು ಅಕ್ಕೋರ ಸೆರಗು ಹಿಡಿದು ಕುಳಿತಿದ್ದೆ. ಖಡಕ ಕಣ್ಣಿಗೆ ಬೀಳುವ ಮೊದಲೇ ಅದರ ವಾಸನೆ ಬಂತು, ವಾಸನೆಯ ಹಿಂದೆ ಸದ್ದು. ಶುಕ್ರವಾರದ ಸಂತೆಯನ್ನು ಯಾರೋ ಆಕಾಶಕ್ಕೆ ಎತ್ತಿಟ್ಟಂತೆ. ಬಂಡೆ ಹತ್ತುವಾಗ ಹಕ್ಕಿಗಳು ತಲೆಯ ಮೇಲೆ ಎರಗುತ್ತಿದ್ದವು. ಅಕ್ಕೋರು ಕರಿಯ ಛತ್ರಿ ಬಿಚ್ಚಿ ಹಿಡಿದರು. ಅವು ಕೊಕ್ಕಿನಿಂದ ಛತ್ರಿಯನ್ನು ಟಕಟಕ ಕುಕ್ಕಿದವು. “ಎಲ್ಲಾಕಿಂತ ಎತ್ತರ ಇದ್ದದ್ದನ್ನ ಹೊಡೀತಾವು. ಛತ್ರಿ ಹೊಡಸ್ಕೋತೈತಿ, ನಾವು ಉಳೀತೀವಿ” ಎಂದು ನಗುತ್ತ ನಡೆದರು.

ಗೋಣಿತಟ್ಟಿನ ಹಿಂದೆ ನನ್ನನ್ನು ಕೂರಿಸಿದರು. ಏನು ಮಾಡಲಿ ಎಂದು ಕೇಳಿದೆ.

“ಕುಂದರ. ಅಷ್ಟ ಕೆಲಸ.”

ಎರಡು ದಿನ ಕುಳಿತೆ. ಮೂರನೆಯ ದಿನ ನಮ್ಮ ಮುಂದಿನ ಬಂಡೆಯ ಅಂಚಿನಲ್ಲಿದ್ದ ಒಂದು ಹಕ್ಕಿಯ ಮೊಟ್ಟೆ, ಪಕ್ಕದ ಎರಡು ಹಕ್ಕಿಗಳ ಜಗಳದಲ್ಲಿ ಉರುಳಿ ಬಿರುಕಿನೊಳಗೆ ಬಿದ್ದುಹೋಯಿತು. ಹಕ್ಕಿ ತಿರುಗಿ ಬಂದು ಆ ಬರಿ ಜಾಗದ ಮೇಲೆಯೇ ಕಾವು ಕೊಡಲು ಕುಳಿತುಕೊಂಡಿತು. ಹೊಟ್ಟೆಯ ಗರಿಗಳನ್ನು ಸರಿಮಾಡಿಕೊಂಡು, ಬಿಸಿಲಿನಲ್ಲಿ ಕೊಕ್ಕು ತೆರೆದು, ಮಧ್ಯಾಹ್ನವಿಡೀ ಕುಳಿತಿತ್ತು. ನನಗೆ ಆಗ ಅಳು ಬಂತು. ಮೂರು ತಿಂಗಳ ಅಳುವೆಲ್ಲ ಬಂತು. ಅಕ್ಕೋರು ಸಮಾಧಾನ ಹೇಳಲಿಲ್ಲ, ಬೆನ್ನು ಸವರಲಿಲ್ಲ. ಗಾಳಿ ನನ್ನ ಮೇಲೆ ಬೀಳದಂತೆ ತಟ್ಟನ್ನು ಎಳೆದು ಕಟ್ಟಿ, ಮತ್ತೆ ವಹಿಯ ಕಡೆ ತಿರುಗಿದರು. ಬಹಳ ಹೊತ್ತಿನ ಮೇಲೆ, “ನಾಳೆ ಏಳತೈತೋ ಇಲ್ಲೋ ನೋಡೂಣು” ಎಂದರು.

ಮರುದಿನ ಅದು ಎದ್ದಿತ್ತು. ಅದಾದ ನಾಲ್ಕನೆಯ ದಿನ ಅದರ ಗಂಡು ಮೀನು ತಂದು ಮುಂದಿಟ್ಟು ತಲೆ ಬಾಗಿಸುವುದನ್ನು ನೋಡಿದೆವು. ಅಕ್ಕೋರು ಅದನ್ನು ಬರೆದುಕೊಂಡರು.

ನಮ್ಮನ್ನು ಕರೆದೊಯ್ಯಲು ದೋಣಿ ಬರಬೇಕಾದ ದಿನ ಗಾಳಿ ಎದ್ದಿತು. ಮಳೆಗಾಲಕ್ಕೆ ಇನ್ನೂ ಹೊತ್ತಿತ್ತು. ಯಾರೂ ಎದುರುನೋಡದ ಬಿರುಗಾಳಿ. ಅಲೆಗಳು ಕೆಳಗಿನ ಬಂಡೆಗಳನ್ನು ತೊಳೆದು, ಅಲ್ಲಿದ್ದ ಮೊಟ್ಟೆಗಳನ್ನೆಲ್ಲ ಒಯ್ದವು. ದೋಣಿ ಆ ದಿನ ಬರಲಿಲ್ಲ, ಮರುದಿನವೂ ಬರಲಿಲ್ಲ. ನಾವು ತಂದ ಹಿಟ್ಟು ಮುಗಿಯಿತು. ದೀಪ ಕಾಯುವವನ ಅಕ್ಕಿಯಲ್ಲಿ ನಾಲ್ಕು ಜನ ಗಂಜಿ ಕುಡಿದೆವು. ಐದನೆಯ ದಿನ ನನಗೆ ಜ್ವರ ಬಂತು. ಬಾಣಂತಿತನದ ಮೈ ಇನ್ನೂ ಕೂಡಿರಲಿಲ್ಲ. ಕುಡಿದ ಗಂಜಿ ನಿಲ್ಲುತ್ತಿರಲಿಲ್ಲ. ಹೊಸ್ತಿಲು ದಾಟಲು ಹೋಗಿ ಕುಸಿದು ಬಿದ್ದೆ. ಮುದುಕನ ಹೆಂಡತಿ ಒಣಮೀನು ತಂದಳು. ವಾಸನೆಗೇ ವಾಂತಿಯಾಯಿತು. ಆಕೆ ಅಕ್ಕೋರ ಕಡೆ ತಿರುಗಿ, “ಹೊರಗೆ ಅಷ್ಟು ಮೊಟ್ಟೆ ಬಿದ್ದಿವೆಯಲ್ಲ ಬಾಯಿ” ಎಂದು ಮೆಲ್ಲಗೆ ಅಂದಳು.

ಅಕ್ಷತೃತೀಯೆ ದಾಟಿ ಹತ್ತು ದಿನವಾಗಿತ್ತು.

ಅಕ್ಕೋರು ಆ ಬೆಳಗು ಲಿಂಗಪೂಜೆಗೆ ಎಂದಿಗಿಂತ ಹೆಚ್ಚು ಹೊತ್ತು ಕುಳಿತರು. ಎದ್ದು, ಕರಡಿಗೆ ಮುಚ್ಚಿ, ಸೆರಗು ಬಿಗಿದು ಹೊರಟರು. ಛತ್ರಿ ಮೂಲೆಯಲ್ಲೇ ಇತ್ತು. ಗಾಳಿಗೆ ಅದು ನಿಲ್ಲುತ್ತಿರಲಿಲ್ಲವೆಂದು ಬಿಟ್ಟರೋ, ಬೇಡವೆಂದೇ ಬಿಟ್ಟರೋ, ನಾನು ಕೇಳಲಿಲ್ಲ. ಹಾಸಿಗೆಯಿಂದ ಬಾಗಿಲಿನಾಚೆ ಮೇಲಿನ ಬಂಡೆ ಕಾಣುತ್ತಿತ್ತು. ಹಕ್ಕಿಗಳು ಅವರ ಬರಿ ತಲೆಯ ಮೇಲೆ ಎರಗುತ್ತಿದ್ದವು. ಅವರು ಒಂದು ಕೈಯನ್ನೂ ಎತ್ತಲಿಲ್ಲ. ಬಾಗಿ ಬಾಗಿ ಆರಿಸುತ್ತಿದ್ದರು.

ಹತ್ತು ತಂದರು. ಒಂದೊಂದನ್ನೂ ನೀರಿನ ತಪ್ಪಲೆಯಲ್ಲಿ ಬಿಟ್ಟು ನೋಡಿದರು. ಮೂರು ಎದ್ದು ನಿಂತವು; ಅವುಗಳಲ್ಲಿ ಮರಿ ಬೆಳೆಯುತ್ತಿತ್ತು. ಏಳು ತಳದಲ್ಲಿ ಮಲಗಿದವು. ಅವು ಆಗಷ್ಟೇ ಇಟ್ಟವು. ಮೂರನ್ನೂ ಒರಸಿ, ಸೆರಗಿನಲ್ಲಿ ಬೆಚ್ಚಗಿಟ್ಟುಕೊಂಡು ಮತ್ತೆ ಮೇಲೆ ಹತ್ತಿ, ಎಲ್ಲಿಂದ ಎತ್ತಿದ್ದರೋ ಅಲ್ಲೇ ಇಟ್ಟು ಬಂದರು. ಬಂದಾಗ ಹಣೆಯ ವಿಭೂತಿಯ ಮೇಲೆ ರಕ್ತ ಇಳಿದಿತ್ತು. ಒಂದು ಮೊಟ್ಟೆಯನ್ನು ಬೇಯಿಸಿ, ಉಪ್ಪು ಹಾಕಿ ನುರಿದು, ಬಟ್ಟಲು ಹಿಡಿದು ನನ್ನ ಪಕ್ಕದಲ್ಲಿ ಕುಳಿತರು.

“ಇದು ತತ್ತಿ. ಸುರಯದ್ದು,” ಎಂದರು. “ನಿನಗ ಸುಳ್ಳ ಹೇಳಿ ತಿನಸಂಗಿಲ್ಲ. ತಿಂದ್ರ ಏಳ್ತಿ ಅನಸ್ತೈತಿ. ಬ್ಯಾಡಂದ್ರ ಒತ್ತಾಯ ಇಲ್ಲ.”

“ನೀವು ತಿಂತೀರೇನ್ರಿ?”

“ನನಗ ಜ್ವರ ಇಲ್ಲ.”

ತಿಂದೆ. ಹುಟ್ಟಿದ ಮೇಲೆ ಮೊದಲ ಸಲ. ಹೊಟ್ಟೆಯಲ್ಲಿ ನಿಂತಿತು. ನಾಲ್ಕು ದಿನದಲ್ಲಿ ಏಳನ್ನೂ ತಿಂದೆ. ಅಕ್ಕೋರು ಅಷ್ಟು ದಿನವೂ ಗಂಜಿಯ ತಿಳಿಯಲ್ಲೇ ಇದ್ದರು. ಅವರ ವಹಿಯ ಆ ದಿನದ ಪುಟದಲ್ಲಿ ಹಕ್ಕಿಗಳ ಎಣಿಕೆಯ ಕೆಳಗೆ, ಅದೇ ಅಕ್ಷರದಲ್ಲಿ, ‘ಮೇಲಿನ ಬಂಡೆಯಿಂದ ನಾನು ತೆಗೆದದ್ದು ಏಳು’ ಎಂದಿದೆ.

ಗಾಳಿ ನಿಂತು ತಾಂಡೇಲ ಬಂದಾಗ ಅಕ್ಕೋರು ಅವನನ್ನು ದೋಣಿಯಿಂದ ಇಳಿಯುವುದಕ್ಕೂ ಬಿಡಲಿಲ್ಲ. “ಮಾತು ಮುರದೇನಿ ನಾನು. ಏಳು ತತ್ತಿ ತಗದೇನಿ” ಎಂದು ಮರಾಠಿಯಲ್ಲಿ ಹೇಳಿಬಿಟ್ಟರು. ಅವನು ಅವರ ಹಣೆಯ ಗಾಯ ನೋಡಿದ, ಬಂಡೆಗೆ ಒರಗಿ ಕುಳಿತಿದ್ದ ನನ್ನನ್ನು ನೋಡಿದ. ಕೇಳಿದ್ದು ಒಂದೇ ಮಾತು: “ಖಾಲ್ಲೀ ಕಾ ಪೋರೀನೆ?” ಹುಡುಗಿ ತಿಂದಳೇ? ತಿಂದಳು ಎಂದರು ಅಕ್ಕೋರು. ಅವನು ತಲೆಯಾಡಿಸಿ ನಮ್ಮ ಗಂಟು ಎತ್ತಿಕೊಂಡ.

ಇಲ್ಲಿಯವರೆಗಿನದನ್ನು ಬರೆಯುವುದು ನನಗೆ ಸುಲಭ. ಮುಂದಿನದು ಕಷ್ಟ.

ಮಿರಜಕ್ಕೆ ಮರಳಿದಾಗ ನಾನು ಅನ್ನ ಕೇಳಿ ಉಣ್ಣುವಷ್ಟಾಗಿದ್ದೆ. ಅತ್ತೆಗೆ ಹಿಗ್ಗು. ಮೂರನೆಯ ದಿನವೋ ಏನೋ, ತಲೆಗೆ ಎಣ್ಣೆ ಹಚ್ಚುತ್ತ, “ಅಂಥಾದ್ದೇನ ತಿನಿಸ್ಯಾರವಾ ಅಕ್ಕೋರು, ಕಳೆ ಬಂದೈತಿ ಮಾರಿ ಮ್ಯಾಲ?” ಎಂದರು. ನಾನು ನಗುತ್ತ ಎಲ್ಲವನ್ನೂ ಹೇಳಿದೆ. ಗಾಳಿ, ಜ್ವರ, ಏಳು ಮೊಟ್ಟೆ, ಹಣೆಯ ರಕ್ತ. ಅಕ್ಕೋರ ಬಗ್ಗೆ ಹೆಮ್ಮೆಯಿಂದಲೇ ಹೇಳಿದೆ. ಎಣ್ಣೆಯ ಕೈ ನನ್ನ ತಲೆಯ ಮೇಲೆ ನಿಂತುಬಿಟ್ಟಿತು.

ಅತ್ತೆ ಕೆಟ್ಟವರಲ್ಲ. ಸೊಸೆಗೆ ದೋಷ ತಟ್ಟೀತೆಂದು ಹೆದರಿ, ಪರಿಹಾರ ಕೇಳಲು ಮಠದ ಅಯ್ಯನವರ ಬಳಿ ಹೋದರು. ಅಲ್ಲಿ ನಾಲ್ಕು ಜನ ಕುಳಿತಿದ್ದರು. ಎರಡು ದಿನದಲ್ಲಿ ಮಾತು ಸಾಂಗ್ಲಿಯ ಪೇಟೆ ಮುಟ್ಟಿತು. ಲಿಂಗವಂತರ ವಿಧವೆ, ಹೆಣ್ಣುಮಕ್ಕಳಿಗೆ ಪಾಠ ಹೇಳುವಾಕೆ, ಮೀನುಗಾರರ ಜೊತೆ ದೋಣಿಯಲ್ಲಿ ಹೋಗಿ ನಮ್ಮ ಹುಡುಗಿಗೆ ಮೊಟ್ಟೆ ತಿನ್ನಿಸಿದಳು ಎಂದು. ಶಾಲೆಯ ಸಮಿತಿಗೆ ಅರ್ಜಿ ಹೋಯಿತು. ಆ ದೀಪಾವಳಿಗೆ ಮುಖ್ಯಾಧ್ಯಾಪಕಿ ನಿವೃತ್ತರಾಗುವವರಿದ್ದರು, ಆ ಕುರ್ಚಿ ಅಕ್ಕೋರದೇ ಎಂದು ಎಲ್ಲರಿಗೂ ತಿಳಿದಿತ್ತು.

ಒಂದು ಮಧ್ಯಾಹ್ನ ನಮ್ಮಿಬ್ಬರನ್ನೂ ಸಮಿತಿ ಕರೆಯಿತು. ನಡುವೆ ಅಧ್ಯಕ್ಷರಾದ ವಯಸ್ಸಾದ ವಕೀಲರು, ಅವರ ಎರಡೂ ಕಡೆ ನಮ್ಮವರೇ ಆದ ಇಬ್ಬರು ವ್ಯಾಪಾರಿಗಳು. ವಕೀಲರು ಮರಾಠಿಯಲ್ಲಿ ಸೌಮ್ಯವಾಗಿಯೇ ಕೇಳಿದರು. ಮೊಟ್ಟೆ ಕೊಟ್ಟದ್ದು ನಿಜವೇ?

“ನಿಜ” ಎಂದರು ಅಕ್ಕೋರು. “ನಾನೇ ಆರಿಸಿದೆ, ನಾನೇ ಬೇಯಿಸಿದೆ.”

“ಈಕೆಗೆ ಗೊತ್ತಿತ್ತೇ?”

“ಇಲ್ಲ. ಜ್ವರದಲ್ಲಿ ಎಚ್ಚರವಿರಲಿಲ್ಲ. ಔಷಧ ಎಂದು ಸುಳ್ಳು ಹೇಳಿ ತಿನ್ನಿಸಿದೆ.”

ನಾನು ಅವರ ಕಡೆ ನೋಡಿದೆ. ಅವರು ಎದುರು ಗೋಡೆಯ ನಕಾಶೆಯನ್ನು ನೋಡುತ್ತಿದ್ದರು. ವ್ಯಾಪಾರಿಗಳಲ್ಲಿ ಹಿರಿಯರು ಕನ್ನಡದಲ್ಲಿ, “ನೀ ಹೇಳವಾ ತಂಗಿ, ಅಂಜಬ್ಯಾಡ. ನಿನಗ ಗೊತ್ತಿತ್ತೇನು?” ಎಂದರು.

ಗೊತ್ತಿತ್ತು ಎನ್ನಬೇಕಿತ್ತು. ಹಸಿದಿದ್ದೆ, ಕೇಳಿ ತಿಂದೆ, ಅದರಿಂದಲೇ ಉಳಿದೆ ಎನ್ನಬೇಕಿತ್ತು. ಅತ್ತೆಯ ಮುಖ, ಗಂಡನ ಮುಖ, ಬೀದಿಯ ಮುಖಗಳು ಕಣ್ಣಮುಂದೆ ಬಂದವು.

“ನೆನಪಿಲ್ರಿ” ಎಂದೆ.

ಅಯ್ಯನವರು ನನಗೆ ಪಾದೋದಕ ಕೊಟ್ಟು ಶುದ್ಧಮಾಡಿದರು; ನಾನು ಪಾರಾದೆ. ಅಕ್ಕೋರನ್ನು ಕೆಲಸದಿಂದ ತೆಗೆಯಲಿಲ್ಲ. ಅವರಷ್ಟು ಚೆನ್ನಾಗಿ ಕಲಿಸುವವರು ಸಂಸ್ಥಾನದಲ್ಲಿ ಇನ್ನೊಬ್ಬರಿರಲಿಲ್ಲವೆಂಬುದು ವಕೀಲರಿಗೆ ತಿಳಿದಿತ್ತು. ಆದರೆ ಮುಖ್ಯಾಧ್ಯಾಪಕಿಯ ಕುರ್ಚಿಗೆ ಪುಣೆಯಿಂದ ಬೇರೆಯವರು ಬಂದರು. ರಜೆಯಲ್ಲಿಯೂ ಶಿಕ್ಷಕಿಯರು ಸಮಿತಿಯ ಒಪ್ಪಿಗೆಯಿಲ್ಲದೆ ಪರಸ್ಥಳಕ್ಕೆ ಹೋಗಬಾರದೆಂದು ಹೊಸ ಕಟ್ಟಳೆಯೂ ಬಂತು. ಅಕ್ಕೋರು ಎರಡು ವರ್ಷ ಒಪ್ಪಿಗೆ ಕೇಳಿದರು, ಸಿಗಲಿಲ್ಲ. ಆಮೇಲೆ ಯುದ್ಧ ಬಂತು, ದೀಪಸ್ತಂಭದ ಕಡೆ ಹೊರಗಿನವರನ್ನು ಬಿಡುವುದೇ ನಿಂತಿತು. ಅವರು ಮತ್ತೆ ಖಡಕ ನೋಡಲಿಲ್ಲ.

ತಾಂಡೇಲ ಮರೆಯಲಿಲ್ಲ. ಪ್ರತಿ ವರ್ಷ ಮಳೆಗಾಲದ ಹೊತ್ತಿಗೆ ವೆಂಗುರ್ಲೆಯ ಅರಿಷಿಣದ ವ್ಯಾಪಾರಿಯ ಆಳಿನ ಬಾಯಲ್ಲಿ ಸುದ್ದಿ ಕಳಿಸುತ್ತಿದ್ದ. ಈ ಸಲ ಮೇಲಿನ ಬಂಡೆ ತುಂಬಿತ್ತು, ಮರಿಗಳು ಹಾರಿದವು, ಯಾರೂ ಮುಟ್ಟಲಿಲ್ಲ, ಇಷ್ಟೇ. ಆಳು ಅಂಗಳದಲ್ಲಿ ನಿಂತು ಹೇಳುತ್ತಿದ್ದ, ಅಕ್ಕೋರು ಕತ್ತು ಚಾಚಿ ಕೇಳುತ್ತಿದ್ದರು. ಅದನ್ನು ವಹಿಯಲ್ಲಿ ಮಾತ್ರ ಬರೆಯುತ್ತಿರಲಿಲ್ಲ. “ನಾ ನೋಡಿದ್ದಲ್ಲಲ್ಲ” ಎನ್ನುತ್ತಿದ್ದರು.

ಅವರು ಸುಮ್ಮನೆ ಕೂರುವವರಲ್ಲ. ಸೇತುವೆ ದಾಟಿ ಸಾಂಗ್ಲಿವಾಡಿಯ ಕಡೆ ಹೋದರೆ, ಬೇಸಿಗೆಯಲ್ಲಿ ಕೃಷ್ಣೆ ಸೊರಗಿದಾಗ ನಡುವೆ ಮರಳದಿಬ್ಬ ಏಳುತ್ತದೆ. ಅಲ್ಲಿಯೂ ಸುರಯಗಳು ಮೊಟ್ಟೆಯಿಡುತ್ತವೆ, ಹೊಳೆಯ ಜಾತಿಯವು. ಖಡಕದ ಸಾವಿರಗಳೆಲ್ಲಿ, ಇಲ್ಲಿನ ಹನ್ನೆರಡು ಜೋಡಿಯೆಲ್ಲಿ! ಅಕ್ಕೋರು ಆ ಹನ್ನೆರಡನ್ನೂ ಅದೇ ಶ್ರದ್ಧೆಯಿಂದ ನೋಡಿದರು. ಪ್ರತಿ ರವಿವಾರ ನಾನೂ ಹೋಗುತ್ತಿದ್ದೆ. ಮರಳಿನಲ್ಲಿ ಕಲ್ಲಂಗಡಿ ಬೆಳೆಯುವವರಿಗೆ ನಾವಿಬ್ಬರೂ ಪರಿಚಯವಾಗಿ, ಅವರು ಎಮ್ಮೆಗಳನ್ನು ದಿಬ್ಬದ ಕಡೆ ಬಿಡದೆ ತಿರುಗಿಸಿಕೊಂಡು ಹೋಗತೊಡಗಿದರು. ಎರಡು ವರ್ಷದ ಮೇಲೆ ನನಗೆ ಮಗಳು ಹುಟ್ಟಿದಳು. ಅವಳನ್ನೂ ಎತ್ತಿಕೊಂಡು ಹೋದೆ. ಅತ್ತೆ ರೊಟ್ಟಿ ಕಟ್ಟಿಕೊಡುತ್ತಿದ್ದರು. “ಅಕ್ಕೋರಿಗೂ ಅದಾವು” ಎನ್ನುವಾಗ ನನ್ನ ಮುಖ ನೋಡುತ್ತಿರಲಿಲ್ಲ.

ಆ ಒಂಬತ್ತು ವರ್ಷಗಳಲ್ಲಿ ಒಂದು ರವಿವಾರವೂ ಅಕ್ಕೋರು ಸಮಿತಿಯ ಮಾತು ತೆಗೆಯಲಿಲ್ಲ. ನಾನೂ ತೆಗೆಯಲಿಲ್ಲ. ಪ್ರತಿ ಸಲ ಸೇತುವೆ ಹತ್ತುವಾಗ, ಇವತ್ತು ಹೇಳಿಬಿಡಬೇಕು, ಊರಿಗೆ ಹೇಳಿದ್ದು ನಾನೇ ಎಂದು, ಅಂದುಕೊಳ್ಳುತ್ತಿದ್ದೆ. ಇಳಿಯುವಾಗ ಬೇರೆ ಮಾತಾಡುತ್ತಿದ್ದೆ.

ಈ ವರ್ಷ ಹೊಟ್ಟೆಯಲ್ಲಿ ಗಂಟು ಕಾಣಿಸಿಕೊಂಡು ಅವರನ್ನು ಮಿರಜದ ಆಸ್ಪತ್ರೆಗೆ ಸೇರಿಸಿದರು. ನಮ್ಮ ಮನೆ ಹತ್ತಿರವಾದ್ದರಿಂದ ದಿನವೂ ಸಂಜೆ ಹೋಗುತ್ತಿದ್ದೆ. 

ತೀರಿಕೊಳ್ಳುವ ನಾಲ್ಕು ದಿನ ಮೊದಲಿನ ಮಾತು. ಪಕ್ಕದ ಮಂಚದಲ್ಲಿ ಗೋಕಾಕದ ಕಡೆಯ ಹೆಂಗಸೊಬ್ಬಳಿದ್ದಳು. ನಾನು ಅಕ್ಕೋರಿಗೆ ಚಮಚೆಯಿಂದ ಗಂಜಿ ಕುಡಿಸುವುದನ್ನು ನೋಡಿ, “ನಿಮ್ಮ ಮಗಳೇನ್ರಿ ಅಕ್ಕೋರ?” ಎಂದು ಕೇಳಿದಳು.

“ಅಲ್ಲವಾ,” ಎಂದರು ಅಕ್ಕೋರು. “ನನ್ನ ಜೋಡಿ ಕೆಲಸಾ ಮಾಡ್ತಾಳ.”

ಆಕೆ ಮಗ್ಗುಲಾದ ಮೇಲೆ ನಾನು ಬಟ್ಟಲು ಕೆಳಗಿಟ್ಟೆ.

“ಅಕ್ಕೋರ, ಆವತ್ತ ಊರಾಗ ಮಾತ ಹೊಂಟದ್ದು ನನ್ನಿಂದ್ರಿ. ನಾನ ಅತ್ತಿ ಮುಂದ ಹೇಳಿದ್ದೆ.”

“ಗೊತ್ತಿತ್ತು.”

“ಯಾವಾಗಿನಿಂದ್ರಿ?”

“ಅರ್ಜಿ ಬಂದ ದಿವಸದಿಂದ. ಏಳು ತತ್ತಿ ಅಂತ ಅದರಾಗ ಬರದಿದ್ರು. ಊರಿಗೆ ಬಂದು ಎಣಕಿ ಹೇಳಾಕ ನಾವಿಬ್ಬರ ಇದ್ದದ್ದು. ನಾ ಹೇಳಿರಲಿಲ್ಲ.”

ಅಷ್ಟು ಮಾತಾಡಿ ದಣಿದರು. ದಿಂಬು ಸರಿಮಾಡಿದೆ. ನನ್ನ ಕಣ್ಣೀರು ಅವರ ಕೈಯ ಮೇಲೆ ಬಿತ್ತು. ಅವರು ಕೈ ಎಳೆದುಕೊಳ್ಳಲಿಲ್ಲ.

“ಇಷ್ಟ ವರ್ಷ ಒಂದ ಮಾತೂ ಕೇಳಲಿಲ್ಲಲ್ರಿ ನನಗ?”

“ಕೇಳಿದ್ರ ನೀ ನಾಚಿ ನನ್ನ ಕಡೆ ಬರೂದ ಬಿಟ್ಟ ಬಿಡ್ತಿದ್ದಿ,” ಎಂದರು. ಕಣ್ಣು ಮುಚ್ಚಿಕೊಂಡೇ ಸ್ವಲ್ಪ ನಕ್ಕರು. “ಆಮ್ಯಾಲ ರವಿವಾರ ನಾ ಯಾರ ಜೋಡಿ ನದಿಗೆ ಹೋಗೂದಿತ್ತು?”